ಎರಡನೇ ಟೀಯ ಸಂಸದರು
ನಮ್ಮ ಸಂಸದರ ಬಾಯಲ್ಲಿ ಹೆಂಗಸರೆಲ್ಲರೂ ತಾಯಂದಿರೇ. "ನನಗೂ ಮೂವರು ಹೆಣ್ಣುಮಕ್ಕಳು" ಎಂದು ಭಾಷಣ ಶುರುಮಾಡಿ ಕನ್ನಡಕ ತೆಗೆದು ಕಣ್ಣೊರೆಸಿಕೊಳ್ಳುತ್ತಾರೆ. ಒರೆಸಿಕೊಳ್ಳಬೇಕಾದ ಜಾಗಕ್ಕೆ ಕಾಗದದಲ್ಲಿ ಪೆನ್ಸಿಲ್ ಗುರುತಿರುತ್ತದೆ. ಹೊಡೆತ ತಿಂದವಳು ಅರ್ಜಿ ಹಿಡಿದು ಬಂದರೆ ಲೊಚಗುಟ್ಟುತ್ತಾ ಓದಿ, ಅವಳ ಗಂಡನಿಗೇ ಫೋನ್ ಮಾಡಿ "ಸ್ವಲ್ಪ ತಾಳ್ಮೆ ಇರಲಪ್ಪ" ಎಂದು ಬುದ್ಧಿ ಹೇಳುತ್ತಾರೆ. ಅವಳು ಎಲ್ಲಿ ಕೂತಿದ್ದಾಳೆ ಅನ್ನುವುದನ್ನೂ ಹೇಳಿಬಿಡುತ್ತಾರೆ. ಸದನದಲ್ಲಿ ಗುಡುಗುವುದರಲ್ಲಿ ಅವರನ್ನು ಮೀರಿಸುವವರಿಲ್ಲ. ಆದರೆ ಮತಕ್ಕೆ ಕರೆಯುವ ಗಂಟೆ ಹೊಡೆಯುವ ಹೊತ್ತಿಗೆ ಸರಿಯಾಗಿ ಕ್ಯಾಂಟೀನಿನಲ್ಲಿ ಎರಡನೇ ಟೀ ಕುಡಿಯುತ್ತಿರುತ್ತಾರೆ. ಗಂಟೆ ನಿಂತರೆ ಸದನದ ಬಾಗಿಲು ಮುಚ್ಚುತ್ತದೆ, ಹೊರಗಿದ್ದವರು ಓಟು ಹಾಕುವಂತಿಲ್ಲ, ಅಲ್ಲಿಗೆ ಯಾರಿಗೂ ಬೇಜಾರಿಲ್ಲ. ಮೊನ್ನೆ ಬಂದದ್ದು, ಹೊಡೆಯುವ ಗಂಡನನ್ನು ಪೊಲೀಸರು ಅಂದೇ ಮನೆಯಿಂದ ಹೊರಹಾಕಬಹುದು ಅನ್ನುವ ಮಸೂದೆ. ಅದರ ಪರವಾಗಿ ಅಮೋಘವಾಗಿ ಮಾತಾಡಿ, ಕಣ್ಣೊರೆಸಿಕೊಂಡು, ಕ್ಯಾಂಟೀನಿಗೆ ಬಂದರು. ಗಂಟೆ ಹೊಡೆಯತೊಡಗಿತು. ಟೀ ಕೊಡುವಾಕೆಯ ಬಲಗೈಗೆ ಪ್ಲಾಸ್ಟರ್ ಹಾಕಿತ್ತು. ಎಡಗೈಯಲ್ಲಿ ಹಿಡಿದ ಲೋಟವನ್ನು ಅವಳು ಕೊಡಲೇ ಇಲ್ಲ. "ಗಂಟೆ ಹೊಡೀತಿದೆ ಸಾರ್. ಹೋಗಿ ಬನ್ನಿ, ಬಂದಮೇಲೆ ಬಿಸಿಬಿಸಿ ಮಾಡಿಕೊಡ್ತೀನಿ." "ನನ್ನ ಮಾತು ಮುಗೀತಲ್ಲ, ತಾಯಿ!" "ಮಾತು ಕೇಳಿಸ್ಕೊಂಡೆ ಸಾರ್. ಈಗ ಓಟು ಹಾಕಬೇಕು. ಮನೇಲಿ ನನ್ನ ಜೊತೆ ಮಗಳೂ ಇದಾಳೆ." ಅವರು ನಕ್ಕು ಕುರ್ಚಿ ಎಳೆದುಕೊಂಡರು. ಗಂಟೆ ನಿಂತಿತು. ಒಂದೇ ಒಂದು ಓಟಿನಿಂದ ಮಸೂದೆ ಬಿತ್ತೆಂದು ಗೋಡೆಯ ಸ್ಪೀಕರ್ ಹೇಳಿತು. ಸಂಸದರು ಅವಳ ಕೈಯಿಂದ ತಾವೇ ಲೋಟ ತೆಗೆದುಕೊಂಡು ಒಂದು ಗುಟುಕು ಕುಡಿದು ಮುಖ ಸಿಂಡರಿಸಿದರು. "ಆರಿಹೋಗಿದೆ ತಾಯಿ, ಬೇರೆ ಕೊಡು."