ಇಪ್ಪತ್ತರ ತನಕ ಎಣಿಸುವ ಪ್ರಶ್ನೆಯಕ್ಕ

ಬೆಳಗಿನ ಐದೂ ಮುಕ್ಕಾಲು. ನಾಲ್ಕು ಮಹಡಿಯ ಹಳೆಯ ಕಟ್ಟಡದ ಮೆಟ್ಟಿಲ ಮೇಲೆ ಇನ್ನೂ ಬಲ್ಬು ಉರಿಯುತ್ತಿದೆ. ಮೂರನೆಯ ಮಹಡಿಯ ಬಾಗಿಲೊಂದರ ಮುಂದೆ ಐವತ್ತೆರಡರ ಹೆಂಗಸೊಬ್ಬರು ಚಪ್ಪಲಿ ಬಿಟ್ಟು, ಕೈಚೀಲದಿಂದ ಹಾಳೆ ಸಿಕ್ಕಿಸಿದ ರಟ್ಟು ತೆಗೆಯುತ್ತಾರೆ. ಬಾಗಿಲು ತಟ್ಟುವ ಮೊದಲು ಒಂದು ಗಳಿಗೆ ಕಣ್ಣು ಮುಚ್ಚುತ್ತಾರೆ. ದೇವರನ್ನು ನೆನೆಯುತ್ತಾರೋ, ಏದುಸಿರು ಇಳಿಯಲಿ ಎಂದು ಕಾಯುತ್ತಾರೋ ತಿಳಿಯದು. ಕೇಳಿದರೆ, “ಎರಡೂ ಒಂದೇ ಅಲ್ವಾ?” ಎಂದು ನಗುತ್ತಾರೆ.

ಈ ಬಡಾವಣೆಗೆಲ್ಲ ಅವರು ಪ್ರಶ್ನೆಯಕ್ಕ. ಮಾನಸಿಕ ಆರೋಗ್ಯ ಕೇಂದ್ರದ ಪರವಾಗಿ ಮನೆಮನೆಗೆ ಹೋಗಿ, ಹರೆಯದವರಿಗೆ ಹದಿನಾರು ಪ್ರಶ್ನೆ ಕೇಳುವುದು ಅವರ ಕೆಲಸ. ಬೇರೆಯವರಿಗೆ ಕೇಳಿಸದ ಧ್ವನಿ ನಿಮಗೆ ಕೇಳಿಸಿದೆಯೇ? ಗುರುತಿನ ಜಾಗವೇ ಒಮ್ಮೊಮ್ಮೆ ಅಪರಿಚಿತ ಅನ್ನಿಸಿದೆಯೇ? ಯಾರೋ ಬೆನ್ನು ಹತ್ತಿದ್ದಾರೆ ಎಂಬ ಗುಮಾನಿ ಉಂಟೇ? ಹೌದಾದರೆ, ಅದರಿಂದ ಎಷ್ಟು ತೊಂದರೆ? ನಿಜ ಯಾವುದು, ಭ್ರಮೆ ಯಾವುದು ಎಂಬ ಹಿಡಿತ ತಪ್ಪಿಸುವ ಕಾಯಿಲೆ ಬಲಿಯುವ ಮೊದಲೇ ಅದರ ಸುಳಿವು ಹಿಡಿಯಲಿ ಎಂದು ಈ ಹಾಳೆ. ಏಳು ಗಂಟೆಗೆಲ್ಲ ಹರೆಯದವರು ಕೆಲಸಕ್ಕೋ ಕಾಲೇಜಿಗೋ ಹೊರಟುಬಿಡುತ್ತಾರಾದ್ದರಿಂದ ಪ್ರಶ್ನೆಯಕ್ಕ ಸೂರ್ಯನಿಗಿಂತ ಮೊದಲೇ ಮೆಟ್ಟಿಲು ಹತ್ತುತ್ತಾರೆ.

ಇವತ್ತು ಅವರೊಬ್ಬರೇ ಬಂದಿಲ್ಲ. ಹಿಂದೆಯೇ ಮೇಲ್ವಿಚಾರಕರು ನಿಂತಿದ್ದಾರೆ, ಕಣ್ಣು ಕೈಗಡಿಯಾರದ ಮೇಲೆ. ಹೋದ ತಿಂಗಳು ಪ್ರಶ್ನೆಯಕ್ಕ ತಂದ ಹಾಳೆಗಳಲ್ಲಿ ‘ಹೌದು’ಗಳು ಉಳಿದ ಸಿಬ್ಬಂದಿ ತಂದದ್ದಕ್ಕಿಂತ ಮೂರು ಪಟ್ಟು. ಕಚೇರಿಗೆ ಅನುಮಾನ ಬಂತು. ಹನ್ನೊಂದು ಮನೆಗೆ ಫೋನ್ ಮಾಡಿ ಮತ್ತೆ ಕೇಳಿದರು. ಒಂಬತ್ತು ಜನ ಎಲ್ಲದಕ್ಕೂ ‘ಇಲ್ಲ’ ಎಂದುಬಿಟ್ಟರು. ಹಾಗಾದರೆ ಈಕೆ ಮನೆಯಲ್ಲೇ ಕೂತು ಹಾಳೆ ತುಂಬಿಸಿದ್ದಾರೆ ಎಂದು ನೋಟಿಸು ಬಂತು. ಅದಕ್ಕೆ ಪ್ರಶ್ನೆಯಕ್ಕ ಕೊಟ್ಟ ಉತ್ತರ ಒಂದೇ ಸಾಲು: “ನನ್ನ ಜೊತೆ ಬಂದು ನೋಡಿ.” ಒಂಬತ್ತರಲ್ಲಿ ಒಂದು ಮನೆ ಇದು. ಇಲ್ಲಿ ಕಂಡದ್ದನ್ನು ಮೇಲ್ವಿಚಾರಕರು ವರದಿ ಮಾಡಬೇಕು. ಪ್ರಶ್ನೆಯಕ್ಕನ ಒಂಬತ್ತು ವರ್ಷದ ಕೆಲಸ ಉಳಿಯುವುದೋ ಹೋಗುವುದೋ ಅದರ ಮೇಲಿದೆ.

ಅವರು ಮೊದಲು ನೀರಿನ ಮೀಟರು ಓದುತ್ತಿದ್ದವರು. “ಮೀಟರು ಸುಳ್ಳು ಹೇಳಲ್ಲ, ಮನುಷ್ಯರು ನಾಚ್ಕೋತಾರೆ. ಅಷ್ಟೇ ವ್ಯತ್ಯಾಸ” ಎನ್ನುತ್ತಾರೆ. ಶುರುವಿನಲ್ಲಿ ಅವರೂ ಎಂಟು ನಿಮಿಷಕ್ಕೊಂದು ಹಾಳೆ ಮುಗಿಸುತ್ತಿದ್ದರು. ಒಂದು ದಿನ ಮೂರನೆಯ ಪ್ರಶ್ನೆಗೆ ಬಡಗಿ ಕೆಲಸದ ಯುವಕನೊಬ್ಬ ‘ಇಲ್ಲ’ ಎಂದ. ಬರೆಯಲು ಹೋದರೆ ಪೆನ್ನು ಓಡಲಿಲ್ಲ. ಕೊಡವಿದರು, ಊದಿದರು, ಅಂಗೈಗೆ ಗೀಚಿದರು. ಅಷ್ಟರಲ್ಲಿ ಆತ ಗಂಟಲು ಸರಿಮಾಡಿಕೊಂಡು, “ಅಕ್ಕಾ, ಆ ಮೂರನೇದು... ಇದೆ ಅಂತಾನೇ ಬರ್ಕೊಳಿ” ಎಂದ.

“ಪೆನ್ನು ಸರಿ ಇದ್ದಿದ್ರೆ ನಾನು ನಾಲ್ಕನೇದಕ್ಕೆ ಹೋಗ್ಬಿಟ್ಟಿರ್ತಿದ್ದೆ. ಆ ಹುಡುಗನ ಗತಿ?” ಎನ್ನುತ್ತಾರೆ ಪ್ರಶ್ನೆಯಕ್ಕ. ಅಂದಿನಿಂದ ಪ್ರತಿ ಉತ್ತರದ ನಂತರವೂ ಮನಸ್ಸಿನಲ್ಲೇ ಇಪ್ಪತ್ತರ ತನಕ ಎಣಿಸುತ್ತಾರೆ. ಮಾತು ಸೇರಿಸುವುದಿಲ್ಲ, ಹುಬ್ಬು ಹಾರಿಸುವುದಿಲ್ಲ, ಸುಮ್ಮನೆ ಇರುತ್ತಾರೆ. ಜಪಕ್ಕೆ ಕೂತವರ ಹಾಗೆ. ಆ ಬಿಡುವಿನಲ್ಲಿ ಜನ ಮಾತು ಬಿಚ್ಚುತ್ತಾರೆ, ಅದಕ್ಕೇ ಒಂದು ಹಾಳೆಗೆ ನಲವತ್ತು ನಿಮಿಷ. ಕಚೇರಿ ಕೇಳುವುದು ದಿನಕ್ಕೆ ಹದಿನಾಲ್ಕು, ಅವರು ಬೆಳಿಗ್ಗೆ ಸಂಜೆ ಎರಡೂ ಹೊತ್ತು ಸುತ್ತಿ ತರುವುದು ಏಳು.

ಬೈಗುಳಕ್ಕೇನೂ ಬರವಿಲ್ಲ. “ನಮ್ಮನೇಲಿ ಹುಚ್ಚರಿಲ್ಲ, ಮುಂದಕ್ಕೆ ಹೋಗಿ” ಎಂದು ಬಾಗಿಲು ಹಾಕುವವರೇ ಹೆಚ್ಚು. ಮುಚ್ಚಿದ ಬಾಗಿಲಿಗೇ ಪ್ರಶ್ನೆಯಕ್ಕ ಉತ್ತರ ಹೇಳುತ್ತಾರೆ: “ಜ್ವರ ಇದೆಯಾ ಅಂತ ಹಣೆ ಮುಟ್ಟಿ ನೋಡಲ್ವೇನಮ್ಮಾ? ಮುಟ್ಟಿದ ಮಾತ್ರಕ್ಕೆ ಜ್ವರ ಬಂದ್ಬಿಡುತ್ತಾ?” ‘ಹೌದು’ ಎಂದವರಲ್ಲಿ ಹೆಚ್ಚಿನವರಿಗೆ ಯಾವ ಕಾಯಿಲೆಯೂ ಇರುವುದಿಲ್ಲ ಎಂಬುದನ್ನೂ ಅವರು ಒತ್ತಿ ಹೇಳುತ್ತಾರೆ. “ತೀರಿಹೋದ ಅಜ್ಜಿ ಕರೆದ ಹಾಗೆ ಕೇಳಿಸ್ತು ಅಂತಾಳೆ ಒಬ್ಳು. ಅವಳಿಗೆ ಅದು ಸಮಾಧಾನ. ಅದನ್ನ ನಾನ್ಯಾಕೆ ಕಿತ್ಕೊಳ್ಳಲಿ? ಸಂಕಟ ಪಡೋರು ಬೇರೆ ಇರ್ತಾರೆ. ಅವರನ್ನ ಗುರುವಾರ ಕ್ಲಿನಿಕ್ಕಿಗೆ ಬರೋ ಡಾಕ್ಟರ ಹತ್ರ ತಲುಪಿಸೋದಷ್ಟೇ ನನ್ನ ಕೆಲಸ.”

ಬೀಗ ರಿಪೇರಿ ಮಾಡುವ ಅವರ ಗಂಡನಿಗೆ ಇದೆಲ್ಲ ತಮಾಷೆ. “ನನಗೂ ದಿನಾ ಒಂದು ಧ್ವನಿ ಕೇಳಿಸುತ್ತೆ ಕಣೇ. ನಿಂದೇ.”

“ತೊಂದರೆ ಕೊಡುತ್ತಾ?”

“ವಿಪರೀತ.”

“ಹಾಗಾದ್ರೆ ಗುರುವಾರ ಕ್ಲಿನಿಕ್ಕಿಗೆ ನಡೀರಿ.”

ಬಾಗಿಲು ತೆರೆಯುತ್ತದೆ. ಮೂರನೆಯ ಮಹಡಿಯ ಆ ಮನೆಯವರು ಮೂವರು: ಇಸ್ತ್ರಿ ಅಂಗಡಿಯಲ್ಲಿ ದುಡಿಯುವ ಹತ್ತೊಂಬತ್ತರ ಹುಡುಗಿ, ಅವಳ ಅಮ್ಮ, ಅಜ್ಜಿ. ಪ್ರಶ್ನೆಯಕ್ಕ ಹುಡುಗಿಯನ್ನು ಕೇಳುತ್ತಾರೆ: “ಈ ಸಾರ್ ಒಳಗೆ ಕೂರಬಹುದಾ ಮಗಾ? ಬೇಡ ಅಂದ್ರೆ ಹೊರಗೇ ನಿಲ್ತಾರೆ.” ಅವಳು ಆಗಬಹುದು ಎನ್ನುತ್ತಾಳೆ. ಪ್ರಶ್ನೆಯಕ್ಕ ಮೇಲ್ವಿಚಾರಕರತ್ತ ತಿರುಗಿ, “ಗಡಿಯಾರ ಬಿಚ್ಚಿ ಜೇಬಲ್ಲಿಡಿ ಸಾರ್” ಎನ್ನುತ್ತಾರೆ. ಅವರು ಬಿಚ್ಚುತ್ತಾರೆ. ಅಮ್ಮ, ಅಜ್ಜಿ ಹೊರಗೆ ಮೆಟ್ಟಿಲ ಮೇಲೆ.

ಒಳಗಿನ ಉತ್ತರಗಳು ಆ ಹುಡುಗಿಯವು. ಅವು ಈ ಬರಹಕ್ಕೆ ಬೇಕಿಲ್ಲ.

“ಮಾತೇ ಕೇಳಿಸ್ತಿಲ್ಲ. ಎಲ್ಲಾ ಮಲಗಿಬಿಟ್ರಾ?” ಅಜ್ಜಿಯ ಗೊಣಗಾಟ.

“ಬಾಗಿಲಿಗೆ ಕಿವಿ ಕೊಡಬೇಡಿ ಅತ್ತೆ.”

“ಕಿವಿ ಯಾರು ಕೊಟ್ರು? ಒರಗ್ಕೊಂಡಿದ್ದೀನಿ.”

ಸ್ವಲ್ಪ ಹೊತ್ತಿನ ಮೇಲೆ ಅಮ್ಮ ದನಿ ತಗ್ಗಿಸುತ್ತಾರೆ. “ಕಚೇರಿಯಿಂದ ಫೋನ್ ಬಂದಾಗ ಸ್ಪೀಕರ್ ಹಾಕಿಸ್ಕೊಂಡು ನಾನೇ ಅವಳ ಪಕ್ಕ ಕೂತಿದ್ದೆ. ಎಲ್ಲಾದಕ್ಕೂ ಇಲ್ಲ ಅಂದ್ಲು. ಸದ್ಯ ಬದುಕಿದೆ ಅಂದ್ಕೊಂಡೆ. ಆದ್ರೆ ಅಂಗಡಿಗೆ ದಿನಾ ಬೇರೆ ಬೇರೆ ದಾರೀಲಿ ಹೋಗ್ತಾಳೆ. ಯಾಕೆ ಅಂತ ಕೇಳೋಕೆ ನನಗೇ ಧೈರ್ಯ ಇರ್ಲಿಲ್ಲ.” ಅಜ್ಜಿ ಒರಗಿದ್ದ ಬಾಗಿಲು ಬಿಟ್ಟು ಬಂದು ಸೊಸೆಯ ಪಕ್ಕ ಕೂರುತ್ತಾರೆ.

ಐವತ್ತು ನಿಮಿಷಕ್ಕೆ ಬಾಗಿಲು ತೆರೆಯುತ್ತದೆ. ಹುಡುಗಿಯ ಮುಖ ಬಾಡಿದೆ, ಹೆಗಲು ಮಾತ್ರ ಸಡಿಲಾಗಿದೆ. “ಅಮ್ಮಾ, ಗುರುವಾರ ರಜ ಹಾಕ್ತೀನಿ. ಡಾಕ್ಟರನ್ನ ನೋಡ್ಬೇಕು. ನೀನೂ ಬರ್ತೀಯಾ?”

“ಬರದೆ ಇನ್ನೇನೇ” ಎನ್ನುತ್ತಾ ಅಮ್ಮ ಮಗಳ ಕೈ ಹಿಡಿದು ಒಳಗೆ ಹೋಗುತ್ತಾರೆ.

ಮೇಲ್ವಿಚಾರಕರು ಮೆಟ್ಟಿಲ ಮೇಲೆ ಕೂರುತ್ತಾರೆ. “ಆ ಹನ್ನೊಂದು ಫೋನೂ ನಾನೇ ಮಾಡಿದ್ದು ಅಕ್ಕಾ. ಪಕ್ಕದಲ್ಲಿ ಯಾರಿದ್ದಾರೆ ಅಂತ ಒಬ್ಬರನ್ನೂ ಕೇಳಲಿಲ್ಲ.” ವರದಿಯ ಹಾಳೆ ಬಿಡಿಸುತ್ತಾರೆ. “ಆದ್ರೂ ಹದಿನಾಲ್ಕು ಹದಿನಾಲ್ಕೇ. ಏಳಕ್ಕೆ ನಾನು ಏನಂತ ಬರೀಲಿ?”

“ನಿಧಾನ ಅಂತ ಬರೀರಿ, ಈಗಲೇ ಸಹಿ ಹಾಕ್ತೀನಿ. ಸುಳ್ಳು ಅಂತ ಬರೆದ್ರೆ ಮಾತ್ರ ಸಹಿ ಸಿಗಲ್ಲ. ಕೆಲಸದಿಂದ ತೆಗೆದ್ರೂ ಬೆಳಿಗ್ಗೆ ಬಂದು ಈ ಬಾಗಿಲುಗಳನ್ನ ತಟ್ತೀನಿ. ಮೆಟ್ಟಿಲು ಹತ್ತೋಕೆ ಯಾರ ಅಪ್ಪಣೆ ಬೇಕು?”

ಮೇಲ್ವಿಚಾರಕರು ಬರೆಯುತ್ತಾರೆ: ಈ ಮನೆಯ ಹಾಳೆ ನಿಜ, ಫೋನಿನ ಮರುಪರೀಕ್ಷೆಯೇ ತಪ್ಪು, ಸಿಬ್ಬಂದಿ ನಿಧಾನ. ಪ್ರಶ್ನೆಯಕ್ಕ ಎರಡು ಸಲ ಓದಿ, ‘ನಿಧಾನ’ದ ಕೆಳಗೆ ದಪ್ಪಗೆ ಗೆರೆ ಎಳೆದು, ಸಹಿ ಹಾಕುತ್ತಾರೆ.

“ಮೇಲಿನವರಿಗೆ ಏನಾದ್ರೂ ಹೇಳೋದಿದೆಯಾ? ಸಂಬಳ, ಬಡ್ತಿ?”

“ಪ್ರಶ್ನೆಗಳನ್ನ ಒತ್ತೊತ್ತಾಗಿ ಅಚ್ಚು ಹಾಕಿದ್ದಾರೆ ಸಾರ್. ಒಂದೊಂದರ ಕೆಳಗೂ ಎರಡು ಬೆರಳಷ್ಟು ಖಾಲಿ ಬಿಡಕ್ಕೆ ಹೇಳಿ. ಖಾಲಿ ಕಂಡ್ರೆ ಕೇಳೋರು ಒಂದು ಗಳಿಗೆ ನಿಲ್ತಾರೆ.” ಚಪ್ಪಲಿ ಮೆಟ್ಟಿಕೊಂಡು ನಾಲ್ಕನೆಯ ಮಹಡಿಯತ್ತ ಹೊರಡುತ್ತಾರೆ. “ಅದು ಅಚ್ಚಾಗಿ ಬರೋ ತನಕ, ನಿಲ್ಲೋ ಕೆಲಸ ನಾನು ಮಾಡ್ತಿರ್ತೀನಿ.”