ಜೋಡಿಯಾಗದ ಎರಡು ಪ್ರೊಸೆಸರ್

ನಿನ್ನೆ ಮನೆಗೆ ಬಂದಿದ್ದ ಗೆಳೆಯ ವೀರೇಶ ಹೊರಡುವಾಗ ಫ್ಯಾನಿನ ಬಟನ್ ಮೇಲೆ ಬೆರಳಿಟ್ಟು, “ಬಂದ್ ಮಾಡ್ಲೇನಲೇ? ಖರೇನ ಮಾಡ್ಲಾ?” ಎಂದು ಕೇಳಿದ. ಅವನು ಕೇಳದೆ ಯಾವ ಬಟನ್ನನ್ನೂ ಒತ್ತುವುದಿಲ್ಲ. ಗಂಗಾವತಿಯಲ್ಲಿ ಅವನ ಈ ಚಾಳಿಗೆ ನಗದವರಿಲ್ಲ. ನನಗೆ ಮಾತ್ರ ನಗು ಬರುವುದಿಲ್ಲ. ಏಕೆಂದು ನಿಮಗೆ ಹೇಳಿಬಿಡುತ್ತೇನೆ.

ಮದುವೆಯ ವಿಡಿಯೋ ಕ್ಯಾಸೆಟ್ಟಿನಿಂದ ಸಿ.ಡಿ.ಗೆ ಬರುತ್ತಿದ್ದ ಕಾಲ. ವೀರೇಶ ಶೂಟಿಂಗ್ ಮಾಡುತ್ತಿದ್ದ. ಹತ್ತನೇ ತರಗತಿ ಮುಗಿಸಿ ಕಂಪ್ಯೂಟರ್ ಕ್ಲಾಸಿಗೆ ಹೋಗಿಬಂದಿದ್ದ ನಾನು ಕಂಪ್ಯೂಟರ್ ಜೋಡಿಸಿಕೊಡುತ್ತಿದ್ದೆ. ಅವನಿಗೆ ಎಡಿಟಿಂಗ್ ಮಾಡಲು ಗಟ್ಟಿ ಮಷಿನ್ ಬೇಕಿತ್ತು. ಎರಡು ಪ್ರೊಸೆಸರ್ ಕೂರುವ ಮದರ್‌ಬೋರ್ಡ್ ಹಾಕೋಣ ಅಂದೆ. ಜಿಲ್ಲೆಯಲ್ಲಿ ಅಂಥದ್ದನ್ನು ಯಾರೂ ಜೋಡಿಸಿರಲಿಲ್ಲ ಎಂಬುದೇ ನನಗೆ ದೊಡ್ಡ ಕಾರಣ.

“ಒಂದ ತಲಿ ಸಾಲದೇನಲೇ?”

“ನಿನಗ ಒಂದೂ ಇಲ್ಲ, ಅದಕ್ಕ ಎರಡು.”

ಹೈದರಾಬಾದಿನಲ್ಲಿ ಬೋರ್ಡ್ ಸಿಕ್ಕಿತು, ಪ್ರೊಸೆಸರ್ ಒಂದೇ ಸಿಕ್ಕಿತು. ಬರೀ ಸ್ಪೀಡ್ ನೋಡಬೇಡ, ಇದರ ಪಕ್ಕ ಇಂಥದ್ದೇ ಕೂರಬೇಕು, ವಾರ ತಡಿ ಎಂದು ಅಂಗಡಿಯವನು ಬಿಡಿಸಿ ಹೇಳಿದ. ನಾನು ತಡೆಯಲಿಲ್ಲ. ಪಕ್ಕದ ಅಂಗಡಿಯಲ್ಲಿ ಅದೇ ಸ್ಪೀಡಿನ, ಬೇರೆ ನಮೂನೆಯದನ್ನು ಕೊಂಡೆ. ದನದ ಸಂತೆಯಲ್ಲಿ ಅಪ್ಪ ಇದ್ದ ಎತ್ತಿಗೆ ಜೋಡಿ ಹುಡುಕುತ್ತ ಎತ್ತರ, ನಡಿಗೆ, ಹಲ್ಲು ಎಲ್ಲ ನೋಡಿ, ಹೊಂದದಿದ್ದರೆ ಬರಿಗೈಲಿ ಮನೆಗೆ ಬರುತ್ತಿದ್ದ. ಅಲ್ಲಿ ಹಗ್ಗ ಹಿಡಿದು ನಿಂತಿರುತ್ತಿದ್ದವನು ನಾನೇ.

ಮಷಿನ್ ಓಡಿತು. ಆದರೆ ಬಿಸಿಯಾದರೆ ನಡುವೆಯೇ ನಿಂತುಬಿಡುತ್ತಿತ್ತು. ಕಾರಣ ಗೊತ್ತಿದ್ದೂ ನಾನು “ಕರೆಂಟ್ ಸರಿ ಇಲ್ಲ” ಎನ್ನುತ್ತಿದ್ದೆ. ಒಮ್ಮೆ ಮರಳಿ ಎಂಬ ಹಳ್ಳಿಯ ಮದುವೆಯೊಂದನ್ನು ಕಂಪ್ಯೂಟರಿಗೆ ಹಾಕಿಕೊಂಡ ಮೇಲೆ, ವೀರೇಶ ವಾಡಿಕೆಯಂತೆ ಅದೇ ಕ್ಯಾಸೆಟ್ಟಿನಲ್ಲಿ ಹಳೆಯದರ ಮೇಲೆಯೇ ಮುಂದಿನ ಮದುವೆ ತೆಗೆದಿದ್ದ. ಎಡಿಟಿಂಗ್ ನಡುವೆ ಮಷಿನ್ ನಿಂತಿತು. ಅವನು ಬಟನ್ ಒತ್ತಿ ಬಂದ್ ಮಾಡಿದ. ಮತ್ತೆ ಚಾಲೂ ಮಾಡಿದಾಗ ಹಾರ್ಡ್‌ಡಿಸ್ಕಿನಲ್ಲಿ ಆ ಮದುವೆ ಇರಲಿಲ್ಲ.

ಅಷ್ಟರಲ್ಲಿ ಮದುಮಗಳ ತಂದೆ ತೀರಿಹೋಗಿದ್ದರು. ಆಕೆ ವೀರೇಶನ ಅಂಗಡಿ ಮೆಟ್ಟಿಲ ಮೇಲೆ ನಿಂತು, “ನಮ್ಮಪ್ಪ ಕುಣದದ್ದು ಅದರಾಗ ಐತ್ರಿ ಅಣ್ಣಾ, ಅಷ್ಟ ಕೊಡ್ರಿ, ಸಾಕು” ಎಂದಳು. ವೀರೇಶ ನನ್ನ ಮುಖ ನೋಡಿದ.

“ನಡುವ ಬಟನ್ ಒತ್ತಿಬಿಟ್ಟಾನವಾ ಇವ,” ಎಂದೆ ನಾನು.

ನಿನ್ನೆ ವೀರೇಶನಿಗೆ ಎಲ್ಲ ಹೇಳಿದೆ. ಆ ಎರಡು ಪ್ರೊಸೆಸರ್ ಜೋಡಿಯಲ್ಲವೆಂದು ಗೊತ್ತಿದ್ದೇ ಹಾಕಿದ್ದೆ, ತಪ್ಪು ನಿನ್ನ ಬೆರಳಿನದಲ್ಲ ಎಂದೆ. ಅವನ ಬೆರಳು ಫ್ಯಾನಿನ ಬಟನ್ ಮೇಲೆಯೇ ಇತ್ತು.

“ಅದಕ್ಕ ಅಲ್ಲೇನಲೇ ನಾ ಕ್ಯಾಮೆರಾ ಮಾರಿದ್ದು,” ಎಂದ. “ಆಕಿಗೆ ಹೇಳೀಯೇನು?”

“ಇಲ್ಲ.”

ಏನೂ ಕೇಳದೆ ಫ್ಯಾನ್ ಬಂದ್ ಮಾಡಿ ಹೊರಟುಹೋದ. ಅದರ ರೆಕ್ಕೆಗಳು ನಿಲ್ಲುವ ತನಕ ನೋಡುತ್ತ ಕೂತಿದ್ದೆ.