ಬಾವಿ ನೀರಿಗೆ ಒಡೆದ ಔಷಧ

ಒಂದು ಎಮ್ಮೆ ಸತ್ತಿತೆಂದು ನನ್ನ ಅಣ್ಣನ ಮಗಳನ್ನು ಗಂಡನ ಮನೆಯವರು ತವರಿಗೆ ಅಟ್ಟಿದರು.

ಉತ್ಪ್ರೇಕ್ಷೆ ಅಲ್ಲ. ಬಸ್ಸಿನ ಸೀಟಿನ ಜಗಳ, ರೇಶನ್ ಅಂಗಡಿಯ ಕ್ಯೂ ಎಂದು ಈ ಅಂಕಣದಲ್ಲಿ ಬರೆದು ನಿಮ್ಮನ್ನು ನಗಿಸುತ್ತ ಬಂದವನು ನಾನು. ಈ ವಾರ ಕ್ಷಮಿಸಿ. ನಗು ಬರುತ್ತಿಲ್ಲ.

ಹುಡುಗಿಯನ್ನು ಗಿರಿಜಾ ಎಂದು ಕರೆಯೋಣ (ನಿಜವಾದ ಹೆಸರು ಬೇರೆ, ಇನ್ನೂ ಬಾಳಬೇಕಾದವಳು). ಹುಟ್ಟಿ ಬೆಳೆದದ್ದು ಕಲಘಟಗಿ ತಾಲೂಕಿನ ಬಮ್ಮಿಗಟ್ಟಿಯಲ್ಲಿ. ಕೊಟ್ಟದ್ದು ನವಲಗುಂದ ಕಡೆಯ ಒಂದು ಹಳ್ಳಿಗೆ. ಮದುವೆಯಾಗಿ ವರ್ಷವೂ ತುಂಬಿಲ್ಲ.

ಗಂಡನ ಮನೆಯಲ್ಲಿ ಒಂದು ಎಮ್ಮೆ, ಜೋಡಿ ಎತ್ತು. ಎಮ್ಮೆ ಎಂದರೆ ಅತ್ತೆ ನೀಲವ್ವನಿಗೆ ಜೀವ. ಗಂಡ ತೀರಿಹೋದ ಮೇಲೆ ಮನೆಮನೆಗೆ ಹಾಲು ಹಾಕಿಯೇ ಮಗನನ್ನು ಬೆಳೆಸಿದ ಹೆಂಗಸು. ಈ ಸಲ ದನಗಳಿಗೆ ಉಣ್ಣೆ ಹುಳು ಹತ್ತಿತು. ಕಿವಿಯೊಳಗೆ, ಕೆಚ್ಚಲ ಸಂದಿಯಲ್ಲಿ, ಬಾಲದ ಬುಡದಲ್ಲಿ, ರಕ್ತ ಹೀರಿ ಔಡಲ ಬೀಜದಂತೆ ಉಬ್ಬಿದ ಉಣ್ಣೆ.

"ನಮ್ಮೂರಾಗ ಔಷಧದ ನೀರಲೆ ಮೈ ತೊಳಿತೀವ್ರಿ ಅತ್ತಿ. ಎಲ್ಲಾ ಉದರಿ ಬೀಳತಾವು" ಎಂದಳು ಗಿರಿಜಾ. ತವರಿನಲ್ಲಿ ಅಪ್ಪನ ಜತೆ ಎಷ್ಟೋ ಸಲ ಆ ಕೆಲಸ ಮಾಡಿದವಳು. ಗಂಡ ಹುಬ್ಬಳ್ಳಿಯಿಂದ ಅದೇ ಔಷಧ ತಂದುಕೊಟ್ಟ. ಅದೇ ಬಾಟಲಿ. ಅದೇ ಮುಚ್ಚಳದ ಅಳತೆ.

ನೀರು ಮಾತ್ರ ಬೇರೆ.

ಕೊಡದಲ್ಲಿದ್ದ ಕೆರೆ ನೀರಿಗೆ ಅವಳು ಕೈ ಹಾಕಿದಾಗ ನೀಲವ್ವ ತಡೆದಳು. "ಕುಡಿಯೂ ನೀರು ದನದ ಮೈಮ್ಯಾಲ ಸುರುವತೀಯೇನ ಹುಚ್ಚಿ? ಹಿತ್ತಲದಾಗ ಬಾವಿ ಐತೆಲ್ಲ!"

ತಪ್ಪು ಮಾತೇನಲ್ಲ. ಆ ಕಡೆ ಬಾವಿಗಳ ನೀರು ಸವಳು, ಬಾಯಿಗಿಡಲಾಗದು. ಕುಡಿಯಲು ಕೆರೆಯೇ ಗತಿ. ಅದನ್ನು ತಲೆಯ ಮೇಲೆ ಹೊತ್ತು ತರಬೇಕು. ಹೊತ್ತವರಿಗೆ ಗೊತ್ತು ಅದರ ಬೆಲೆ.

ಗಿರಿಜಾ ಬಾವಿ ನೀರು ಸೇದಿ ಹಂಡೆ ತುಂಬಿದಳು. ಔಷಧ ಸುರುವಿ ಕೋಲಿನಿಂದ ತಿರುವಿದಳು. ಹಾಲಿನಂತೆ ಬೆಳ್ಳಗಾಯಿತು. ದನಗಳನ್ನು ಬಿಚ್ಚಿ ತಂದು ಅಂಗಳದಲ್ಲಿ ಕಟ್ಟಿ, ಗೂಟ ಭದ್ರ ಮಾಡಿ ಬರುವಷ್ಟರಲ್ಲಿ ಹೊತ್ತಾಗಿತ್ತು. ಮೊದಲು ಎಮ್ಮೆ. ಹಂಡೆಯ ಮೇಲುಮೇಲಿನ ನೀರನ್ನು ತಂಬಿಗೆಯಲ್ಲಿ ಮೊಗೆದು ಹೊಯ್ದಳು, ಬರಿಗೈಯಿಂದ ಮೈತುಂಬ ತಿಕ್ಕಿದಳು. ಉಳಿದದ್ದರಲ್ಲಿ ಎತ್ತುಗಳನ್ನು ತೊಳೆದಳು.

ಮಧ್ಯಾಹ್ನ ಕಳೆಯುವಷ್ಟರಲ್ಲಿ ಎಮ್ಮೆ ನಡುಗತೊಡಗಿತು. ಬಾಯಿಂದ ಜೊಲ್ಲು. ದೀಪ ಹಚ್ಚುವ ಹೊತ್ತಿಗೆ ಕಾಲು ಬಡಿದು ಬಡಿದು ಸತ್ತಿತು.

ಎತ್ತುಗಳಿಗೆ ಏನೂ ಆಗಲಿಲ್ಲ. ಅದೇ ಹುಡುಗಿಯ ಕುತ್ತಿಗೆಗೆ ಬಂತು. ಒಂದೇ ಹಂಡೆಯ ನೀರು, ಎತ್ತು ಬದುಕಿದವು, ಎಮ್ಮೆ ಹೇಗೆ ಸತ್ತಿತು? ಬೇಕಂತಲೇ ಎಮ್ಮೆಗೆ ಬೇರೆ ಹಾಕಿದ್ದಾಳೆ! ಯಾಕೆ? ಓಣಿಯವರ ಬಳಿ ಉತ್ತರ ಸಿದ್ಧವಿತ್ತು. ಹಿಂದಿನ ದಿನ ಸೆಗಣಿ ಬಾಚುವ ಮಾತಿಗೆ ಅತ್ತೆ ಸೊಸೆಗೆ ಜಗಳವಾಗಿತ್ತಂತೆ. (ಯಾವ ಮನೆಯಲ್ಲಿ ಆಗುವುದಿಲ್ಲ, ಹೇಳಿ?) ಗಂಡನೇ ಅವಳನ್ನು ಬಮ್ಮಿಗಟ್ಟಿಗೆ ತಂದು ಬಿಟ್ಟ. ಒಳಗೆ ಬಂದು ಒಂದು ಗುಟುಕು ನೀರೂ ಕುಡಿಯದೆ ತಿರುಗಿ ಹೋದ.

ನಾನು ಕುಂದಗೋಳದಿಂದ, ಅಣ್ಣ ಬಮ್ಮಿಗಟ್ಟಿಯಿಂದ, ಹುಬ್ಬಳ್ಳಿಯಲ್ಲಿ ಕೂಡಿ ಆ ಹಳ್ಳಿಗೆ ಹೋದೆವು.

"ಹಿರ್ಯಾರು ಬಂದೀರಿ, ಕೂಡ್ರಿ" ಎಂದಳು ನೀಲವ್ವ. "ಆದ್ರ ಆಕಿನ್ನ ಮಾತ್ರ ಕರಸೂದಿಲ್ರಿ. ಇವತ್ತ ಎಮ್ಮಿಗೆ ಹಾಕ್ಯಾಳ. ನಾಳೆ ನಾ ಉಣ್ಣೂ ಗಂಗಾಳಕ್ಕ ಹಾಕಿದ್ರ?"

ಮಗಳ ಮೇಲೆ ಇಂಥ ಮಾತು ಕೇಳಿದ ತಂದೆ ಯಾವ ಮುಖದಿಂದ ವಾದ ಮಾಡಬೇಕು?

ಅಂದು ತಾಲೂಕಿನ ದನದ ಡಾಕ್ಟರು ಇಂಜೆಕ್ಷನ್ ಹಾಕಲು ಊರ ಚಾವಡಿಗೆ ಬಂದಿದ್ದರು. ಬೇರೆ ದಾರಿ ಕಾಣದೆ ಅವರನ್ನೇ ಕರೆತಂದೆ. ಎಲ್ಲ ಕೇಳಿಸಿಕೊಂಡು ಅವರು ಮೊದಲು ಕೇಳಿದ್ದು ಇದು: "ಮೈ ತಿಕ್ಕಿದ ಹುಡುಗಿ ಆರಾಮ ಅದಾಳಲ್ಲ?"

ಆ ಪ್ರಶ್ನೆ ನಮ್ಮಲ್ಲಿ ಯಾರಿಗೂ ಹೊಳೆದಿರಲಿಲ್ಲ.

"ಎತ್ತಿನ ಮೈಯಾಗಿನ ಉಣ್ಣಿ ಸತ್ತಾವೇನ?"

ನೀಲವ್ವನ ಮಗ ಎದ್ದು ಎತ್ತಿನ ಕಿವಿ ಮಡಚಿ ನೋಡಿದ. ಎಲ್ಲವೂ ಜೀವಂತ.

ಡಾಕ್ಟರು ಎರಡು ಗಾಜಿನ ಲೋಟ ತರಿಸಿದರು. ಒಂದಕ್ಕೆ ಕೆರೆ ನೀರು, ಇನ್ನೊಂದಕ್ಕೆ ಬಾವಿ ನೀರು. ಎರಡಕ್ಕೂ ಬಾಟಲಿಯಿಂದ ಒಂದಿಷ್ಟು ಹನಿ. ತಿರುವಿದಾಗ ಎರಡೂ ಬೆಳ್ಳಗಾದವು. "ಈಗ ಕೈ ತೊಳಕೊಂಡು ಚಾ ಕುಡಿಯೂಣು" ಎಂದರು.

ಚಾ ಮುಗಿಯಿತು. ಕೆರೆ ನೀರಿನ ಲೋಟ ಇನ್ನೂ ಹಾಲಿನಂತೆಯೇ ಇತ್ತು. ಬಾವಿ ನೀರಿನ ಲೋಟದಲ್ಲಿ ಹಾಲು ಒಡೆದಿತ್ತು. ಮೇಲೆ ಎಣ್ಣೆಯ ಪದರ, ಅದರ ಕೆಳಗೆ ಮೊಸರಿನಂಥ ಚೂರು, ತಳದವರೆಗೂ ಬರೀ ನೀರು.

"ಯವ್ವಾ, ನಿಮ್ಮ ಬಾವಿ ನೀರಿಗೆ ಸಾಬಾಣ ನೊರಿ ಬರತೈತೇನ?"

"ಎಲ್ಲಿದ್ರೀ ನೊರಿ? ಗಂಟ ಗಂಟ ಆಗತೈತಿ" ಎಂದಳು ನೀಲವ್ವ.

"ಇಲ್ಲೂ ಅದs ಆಗೇತಿ. ಈ ಔಷಧ ಇರೂದು ಎಣ್ಣಿಯೊಳಗ. ಎಣ್ಣಿ, ನೀರು ತಾವಾಗಿ ಕೂಡೂದಿಲ್ಲ. ಕೂಡಸಾಕಂತ ಸಾಬಾಣಿನಂಥಾದ್ದು ಬೆರಸಿರ್ತಾರ. ನಿಮ್ಮ ನೀರಾಗಿನ ಸುಣ್ಣ, ಉಪ್ಪು ಅದನ್ನ ಕೆಡಸತಾವು. ಎಣ್ಣಿ ಮ್ಯಾಲ ಬಂದು ನಿಂದರತೈತಿ. ಮೊದಲ ತೊಳದ ಎಮ್ಮಿಗೆ ಹೋದದ್ದು ಬರೇ ವಿಷ. ಕಡೀಕ ತೊಳದ ಎತ್ತಿಗೆ ಬರೇ ನೀರು."

ನಾನು ಬಾಟಲಿಯ ಲೇಬಲ್ ಓದಿದೆ. ಇಂಗ್ಲಿಷಿನಲ್ಲಿತ್ತು. ಸ್ವಚ್ಛ ನೀರಿನಲ್ಲಿ ಕಲಸಿ ಎಂದಿತ್ತು. ಬಾವಿಯ ನೀರು ಸ್ವಚ್ಛವಾಗಿಯೇ ಇತ್ತಲ್ಲ! ಕನ್ನಡಿಯಂತಿತ್ತು. ಸುಧಾರಣೆಯ ಹೆಸರಿನಲ್ಲಿ ಈಗ ಸಂತೆ ಸಂತೆಗೂ ಬಾಟಲಿಗಳು ಬರುತ್ತಿವೆ. ಬೆಳೆಗೊಂದು, ದನಕ್ಕೊಂದು. ದೂರದ ಕಾರ್ಖಾನೆಯಲ್ಲಿ ಕೂತು ಲೇಬಲ್ ಬರೆಯುವವನಿಗೆ ಊರಿಗೊಂದು ನೀರು ಎಂದು ಯಾರು ಹೇಳಬೇಕು? ಅವನು ಬರೆದ ಒಂದು ಸಾಲಿನ ಆಚೆ ಒಬ್ಬ ಸೊಸೆ ನಿಂತಿರುತ್ತಾಳೆ ಎಂದು?

ನೀಲವ್ವ ಆ ಲೋಟ ಎತ್ತಿ ಬೆಳಕಿಗೆ ಹಿಡಿದಳು. "ಕೆರಿ ನೀರು ಬ್ಯಾಡಂದಾಕಿ ನಾನs" ಎಂದಳು, ತನಗೇ ಎಂಬಂತೆ. ಸೆರಗು ಬಾಯಿಗೊತ್ತಿ ಅತ್ತಳು. ಎಮ್ಮೆಗಾಗಿಯೋ ಸೊಸೆಗಾಗಿಯೋ, ನನಗೆ ತಿಳಿಯಲಿಲ್ಲ. ಆಮೇಲೆ ಮಗನಿಗೆ ಹೇಳಿದಳು: "ಹೋಗು, ಕರಕೊಂಡ ಬಾ."

ಅವನನ್ನು ಕರೆದುಕೊಂಡೇ ಬಮ್ಮಿಗಟ್ಟಿಗೆ ಬಂದೆವು.

ಗಿರಿಜಾಳ ಅಂಗೈ ಸುಲಿದಿತ್ತು. ಎಮ್ಮೆ ಸತ್ತ ರಾತ್ರಿಯೆಲ್ಲ ವಾಂತಿ ಮಾಡಿಕೊಂಡಿದ್ದಳಂತೆ, ಕಣ್ಣು ಮಂಜಾಗಿತ್ತಂತೆ. ನಾಟಕ ಮಾಡುತ್ತಾಳೆ ಅಂದರಂತೆ. ಇದನ್ನೆಲ್ಲ ಅವಳ ಅವ್ವ ಹೇಳಿದಳು. ಅವಳಲ್ಲ.

ಗಂಡ ಹೊಸ್ತಿಲಲ್ಲಿ ನಿಂತೇ ಹೇಳಿದ: "ನಿಂದೇನೂ ತಪ್ಪಿಲ್ಲಂತ ಡಾಕ್ಟರು ಹೇಳ್ಯಾರ."

ಅವಳು ಒಳಗೆ ಹೋಗಿ ಟ್ರಂಕು ತಂದಳು. ಅಣ್ಣನ ಮುಖದಲ್ಲಿ ಎಷ್ಟೋ ದಿನಕ್ಕೆ ಗೆಲುವು ಕಂಡಿತು. ಮಗಳ ಮುಖ ಅವನು ನೋಡಲಿಲ್ಲ ಎಂದು ಕಾಣುತ್ತದೆ.

ಬಸ್ಸು ಬಂತು. ಗಂಡ ಟ್ರಂಕು ಮೇಲೆ ಹಾಕಿಸಲು ಹೋದ. ಆಗ ಮಾತ್ರ ಅವಳು ನನ್ನ ಕಡೆ ತಿರುಗಿದಳು.

"ಕಾಕಾ, ಆ ಡಾಕ್ಟರು ಅವತ್ತ ರಜಾ ಹಾಕಿದ್ದರ ಏನಾಗತಿತ್ತು?"